ಹಳೆಯ ಫೋರ್ಟ್ರಾನ್ ಲೆಕ್ಕಕ್ಕೆ ಸಿ ಭಾಷೆಯ ಕರೆ

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು, ಬಂಡೀಪುರದ ಕಾಡನ್ನು ಹಾದು ವಯನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಮೇಲಿದೆ. ಮುಂಗಾರಿನ ಗಾಳಿ ಘಟ್ಟವನ್ನೇರುವಾಗ ವಯನಾಡಿನ ಕಡೆ ಧಾರಾಳವಾಗಿ ಮಳೆ ಸುರಿಸಿದರೆ, ಪೂರ್ವಕ್ಕಿರುವ ಗುಂಡ್ಲುಪೇಟೆ, ಚಾಮರಾಜನಗರಗಳ ಬಯಲು ಮಳೆನೆರಳಿನಲ್ಲಿ ಉಳಿಯುತ್ತದೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಬದಲಾಗುವ ಮಳೆಯನ್ನು ಮುಂಚಿತವಾಗಿ ಅಂದಾಜು ಮಾಡಬೇಕಾದರೆ ವಾತಾವರಣವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಗಾಳಿ, ಉಷ್ಣತೆ, ತೇವಾಂಶಗಳನ್ನು ಬೆಸೆಯುವ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಬೇಕಾಗುತ್ತದೆ. ಅಂತಹ ಸಮೀಕರಣಗಳನ್ನು ಬಿಡಿಸುವ ಪ್ರೋಗ್ರಾಮುಗಳ ತಿರುಳು ಬಹುಮಟ್ಟಿಗೆ ಇಂದಿಗೂ ಫೋರ್ಟ್ರಾನ್ ಭಾಷೆಯಲ್ಲಿದೆ. ಕಡತಗಳನ್ನು ಓದಿ ಬರೆಯುವ, ಪ್ರೊಸೆಸರುಗಳ ನಡುವೆ ಸಂದೇಶ ಸಾಗಿಸುವ ಭಾಗಗಳು ಹೆಚ್ಚಾಗಿ ಸಿ ಭಾಷೆಯಲ್ಲಿವೆ.

ಫೋರ್ಟ್ರಾನನ್ನು ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಅವರ ತಂಡ 1957ರಲ್ಲಿ ಬಳಕೆಗೆ ತಂದಿತು. ಸಿ ಭಾಷೆಯನ್ನು ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದರು. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದಲ್ಲಿ ಯು. ಎನ್. ಸಿನ್ಹಾ ಅವರ ನೇತೃತ್ವದ ತಂಡ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರನ್ನು ನಿರ್ಮಿಸಿತು. ಮುಂದೆ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ ಟಿ-80 ಮಾದರಿಯನ್ನು ಫೋರ್ಟ್ರಾನ್ 90ರಲ್ಲಿ ಮರುರೂಪಿಸಿ, ‘ವರ್ಷ’ ಎಂಬ ಹವಾಮಾನ ಮಾದರಿಯನ್ನು ಎನ್‌ಎಎಲ್‌ನಲ್ಲಿಯೇ ಸಿದ್ಧಪಡಿಸಲಾಯಿತು. ಯಂತ್ರ ಹೊಸದಾದರೂ ಅದರ ಮೇಲೆ ಓಡಿದ ಲೆಕ್ಕದ ಮೂಲ ಹಳೆಯದಾಗಿತ್ತೆಂಬುದು ಇಲ್ಲಿ ಗಮನಾರ್ಹವಾಗಿದೆ. ವರ್ಷಗಟ್ಟಲೆ ಪರೀಕ್ಷೆಗೆ ಒಳಗಾದ ಲೆಕ್ಕವನ್ನು ಎಸೆದು ಮೊದಲಿನಿಂದ ಬರೆಯುವುದು ಬುದ್ಧಿವಂತಿಕೆಯಲ್ಲ. 1992ರಲ್ಲಿ ಹೊರಬಂದ, ಮಾತೃಕೆಗಳ ಸಮೀಕರಣ ಬಿಡಿಸುವ ಲ್ಯಾಪ್ಯಾಕ್ ಎಂಬ ಫೋರ್ಟ್ರಾನ್ ಭಂಡಾರವನ್ನು ಸಿ ಭಾಷೆಯ ಪ್ರೋಗ್ರಾಮುಗಳು ಇಂದಿಗೂ ಕರೆಯುತ್ತಿರುವುದು ಇದೇ ಕಾರಣಕ್ಕೆ.

ಎರಡೂ ಭಾಷೆಗಳ ಕಡತಗಳನ್ನು ಅವುಗಳದೇ ಕಂಪೈಲರುಗಳು ಯಂತ್ರಭಾಷೆಗೆ ಇಳಿಸಿದ ಮೇಲೆ, ಲಿಂಕರ್ ಎಂಬ ಸಾಧನ ಕರೆಯುವ ಕಡೆ ಬಳಸಿದ ಹೆಸರನ್ನೂ ಕರೆಯಲ್ಪಡುವ ಭಾಗದ ಹೆಸರನ್ನೂ ತಾಳೆ ನೋಡಿ ಜೋಡಿಸುತ್ತದೆ. ಫೋರ್ಟ್ರಾನ್ ಕಂಪೈಲರುಗಳು ಹೆಸರನ್ನು ತಮ್ಮದೇ ರೀತಿಯಲ್ಲಿ ಮಾರ್ಪಡಿಸುತ್ತವೆ: ಜಿಫೋರ್ಟ್ರಾನ್ ಸಣ್ಣ ಅಕ್ಷರಗಳಿಗೆ ಇಳಿಸಿ ಕೊನೆಗೊಂದು ಅಂಡರ್‌ಸ್ಕೋರ್ ಸೇರಿಸಿದರೆ, ಇನ್ನು ಕೆಲವು ಎಲ್ಲವನ್ನೂ ದೊಡ್ಡ ಅಕ್ಷರಗಳಾಗಿಸುತ್ತವೆ. ಹೆಸರು ಹೊಂದದಿದ್ದರೆ ಲಿಂಕರ್ ಅಲ್ಲಿಯೇ ದೋಷ ತೋರಿಸುವುದರಿಂದ ಇದು ಸಣ್ಣ ತೊಂದರೆ. ದೊಡ್ಡ ತೊಂದರೆಯೆಂದರೆ ಲಿಂಕರ್ ಹೆಸರನ್ನಲ್ಲದೆ ಬೇರೇನನ್ನೂ ನೋಡುವುದಿಲ್ಲ. ಕಾಡಿನ ದಾರಿಯ ಚೆಕ್‌ಪೋಸ್ಟೊಂದರಲ್ಲಿ ಲಾರಿಯ ನಂಬರು ಪಟ್ಟಿಯಲ್ಲಿದೆಯೇ ಎಂಬುದನ್ನಷ್ಟೇ ನೋಡಿ, ಟಾರ್ಪಾಲಿನ ಕೆಳಗಿರುವುದು ಟೊಮೆಟೊವೋ ಸಿಮೆಂಟೋ ಎಂದು ನೋಡದೆ ಗೇಟು ಎತ್ತಿದರೆ ಹೇಗೋ ಹಾಗೆ: ಗೇಟು ದಾಟಿದ ಲಾರಿಯ ಸರಕು ಬೇರೆಯೆಂದು ತಿಳಿಯುವುದು ಮಂಡಿಯಲ್ಲಿ ಇಳಿಸಿದಾಗಲೇ.

ಹಾಗೆ ತಪ್ಪಿಹೋಗುವ ಸರಕುಗಳು ಹಲವು. ಸಿ ಭಾಷೆ ಸಂಖ್ಯೆಯ ಬೆಲೆಯನ್ನು ಕೊಡುತ್ತದೆ, ಫೋರ್ಟ್ರಾನ್ ಸಾಮಾನ್ಯವಾಗಿ ಆ ಸಂಖ್ಯೆ ಮೆಮೊರಿಯಲ್ಲಿ ಎಲ್ಲಿದೆಯೆಂಬ ವಿಳಾಸವನ್ನು ನಿರೀಕ್ಷಿಸುತ್ತದೆ. ಬೆಲೆ 5ನ್ನೇ ವಿಳಾಸವೆಂದು ಬಗೆದರೆ ಪ್ರೋಗ್ರಾಮು ಕುಸಿಯುತ್ತದೆ. ಮಾತೃಕೆಯನ್ನು ಸಿ ಅಡ್ಡಸಾಲಿನಿಂದ ಅಡ್ಡಸಾಲಿಗೆ, ಫೋರ್ಟ್ರಾನ್ ಕಂಬಸಾಲಿನಿಂದ ಕಂಬಸಾಲಿಗೆ ಮೆಮೊರಿಯಲ್ಲಿ ಇಡುತ್ತದೆ. ಎಣಿಕೆಯನ್ನು ಸಿ 0ಯಿಂದ, ಫೋರ್ಟ್ರಾನ್ ಸಾಮಾನ್ಯವಾಗಿ 1ರಿಂದ ಆರಂಭಿಸುತ್ತದೆ. ಮಳೆಯ ಚೌಕಗಳ ಕೋಷ್ಟಕವನ್ನು ಈ ವ್ಯತ್ಯಾಸ ಗಮನಿಸದೆ ಸಾಗಿಸಿದರೆ ಯಾವ ದೋಷಸೂಚನೆಯೂ ಇಲ್ಲದೆ ಪೂರ್ವ-ಪಶ್ಚಿಮ ಮತ್ತು ಉತ್ತರ-ದಕ್ಷಿಣ ಅದಲುಬದಲಾಗಿ, ಮದ್ದೂರಿನ ಮಳೆ ಬೇರೆ ಊರಿನ ಲೆಕ್ಕಕ್ಕೆ ಸೇರುತ್ತದೆ. ಕುಸಿಯುವ ಪ್ರೋಗ್ರಾಮಿಗಿಂತ ಹೀಗೆ ಮೌನವಾಗಿ ತಪ್ಪು ಉತ್ತರ ಕೊಡುವ ಪ್ರೋಗ್ರಾಮು ಹೆಚ್ಚು ಅಪಾಯಕಾರಿ.

ಅತ್ಯಂತ ಬೋಧಪ್ರದ ಪ್ರಕರಣ 2019ರದ್ದು. ಫೋರ್ಟ್ರಾನ್ ಕಂಪೈಲರುಗಳು ಅಕ್ಷರಸರಣಿಯೊಂದನ್ನು ಕಳಿಸುವಾಗ ಅದರ ಉದ್ದವನ್ನೂ ಗುಪ್ತವಾಗಿ ಕೊನೆಯಲ್ಲಿ ಸೇರಿಸುತ್ತವೆ. ಲ್ಯಾಪ್ಯಾಕಿನ ಸಬ್‌ರೂಟೀನುಗಳು (ಹೆಸರು ಹಿಡಿದು ಕರೆಯಬಹುದಾದ ಲೆಕ್ಕದ ಘಟಕಗಳು) ಬೇಡುವುದು ಹಲವೆಡೆ ಒಂದೇ ಅಕ್ಷರವಾದ್ದರಿಂದ ಸಿ ಪ್ರೋಗ್ರಾಮರುಗಳು ಆ ಉದ್ದವನ್ನು ಕಳಿಸದೆ ಬಿಟ್ಟಿದ್ದರು, ದಶಕಗಳ ಕಾಲ ಏನೂ ಕೆಡಲಿಲ್ಲ. ಜಿಫೋರ್ಟ್ರಾನ್ ಕಂಪೈಲರಿನ ಹೊಸ ಆವೃತ್ತಿಗಳು ವೇಗಕ್ಕಾಗಿ ಕರೆಯ ಸ್ಥಳವನ್ನೇ ಮರುಬಳಕೆ ಮಾಡತೊಡಗಿದಾಗ, ಬಂದಿರದ ಆ ಉದ್ದಕ್ಕೆ ಮೀಸಲಾದ ಜಾಗದಲ್ಲಿ ಕರೆದವರ ಮಾಹಿತಿ ಅಳಿಸಿಹೋಗಿ, ಸಂಖ್ಯಾಶಾಸ್ತ್ರದ ಆರ್ ಭಾಷೆಯ ಪ್ಯಾಕೇಜುಗಳು ಕೆಟ್ಟವು. ಕಂಪೈಲರ್ ತಂಡ ತಾತ್ಕಾಲಿಕ ಪರಿಹಾರ ಒದಗಿಸಿತು. ಆರ್ ತಂಡ ಉದ್ದವನ್ನು ಕಳಿಸುವಂತೆ ತನ್ನ ಕರೆಗಳನ್ನು ತಿದ್ದಿತು. ಕೆಲಸ ಮಾಡುತ್ತಿದೆ ಎಂಬುದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲವೆಂದು ಈ ಪ್ರಕರಣ ತೋರಿಸಿತು.

ಇಂತಹ ತೊಂದರೆಗಳಿಗೆ ಶಾಶ್ವತ ಪರಿಹಾರ ಅದಕ್ಕೂ ಮೊದಲೇ, ಫೋರ್ಟ್ರಾನ್ 2003ರ ಪ್ರಮಾಣಿತ ಆವೃತ್ತಿಯಲ್ಲಿ ದೊರೆತಿತ್ತು. ಸಬ್‌ರೂಟೀನಿಗೆ ‘ಬೈಂಡ್ ಸಿ’ ಎಂಬ ಘೋಷಣೆ ಸೇರಿಸಿದರೆ ಹೆಸರು ಮಾರ್ಪಾಡಾಗುವುದಿಲ್ಲ, ಗುಪ್ತ ಉದ್ದವೂ ಬರುವುದಿಲ್ಲ. ‘ವ್ಯಾಲ್ಯೂ’ ಎಂದು ಬರೆದರೆ ವಿಳಾಸದ ಬದಲು ಬೆಲೆಯೇ ಸಾಗುತ್ತದೆ. ಸಿ ಭಾಷೆಯ ಸಾಮಾನ್ಯ ಸಂಖ್ಯಾಜಾತಿಗಳಿಗೆ ಹೊಂದುವ ಹೆಸರು ‘ಐಎಸ್‌ಒ ಸಿ ಬೈಂಡಿಂಗ್’ ಮಾಡ್ಯೂಲಿನಲ್ಲಿದೆ. ಅಡ್ಡಸಾಲು-ಕಂಬಸಾಲುಗಳ ಕ್ರಮವನ್ನು ಮಾತ್ರ ಪ್ರೋಗ್ರಾಮರೇ ನೋಡಿಕೊಳ್ಳಬೇಕು, ಕೊನೆಯ ಜೋಡಣೆಯನ್ನು ಜಿಫೋರ್ಟ್ರಾನಿನ ಮೂಲಕವೇ ಮಾಡಿದರೆ ಅದರ ಬೆಂಬಲ ಭಂಡಾರವೂ ತಾನಾಗಿ ಸೇರುತ್ತದೆ. ಜಿಫೋರ್ಟ್ರಾನ್ ಸೇರಿರುವ ಜಿಸಿಸಿ ಕಂಪೈಲರ್ ಸಂಗ್ರಹದ 2019ರ 9ನೇ ಆವೃತ್ತಿಯಿಂದ ಈ ಕಂಪೈಲರ್ ಫೋರ್ಟ್ರಾನ್ ಘೋಷಣೆಯಿಂದಲೇ ಸಿ ಭಾಷೆಯ ಘೋಷಣೆಯನ್ನು ತಯಾರಿಸಿಕೊಡಬಲ್ಲದು. ಕೈಯಿಂದ ಬರೆದ ಎರಡು ಘೋಷಣೆಗಳು ಕಾಲಕ್ರಮದಲ್ಲಿ ಬೇರೆಯಾಗುವ ಅಪಾಯವನ್ನು ತಪ್ಪಿಸಲು ಈ ಸೌಲಭ್ಯವನ್ನು ಪ್ರತಿ ಮಿಶ್ರಭಾಷಾ ಯೋಜನೆಯೂ ಮೊದಲ ದಿನದಿಂದಲೇ ಬಳಸಬೇಕು.