ಓರೆಂ ಹಳ್ಳದ ದಂಡೆಯಲ್ಲಿ ಹತ್ತು ದಿನ

ಪಣಜಿಯ ಬಸ್ಸು ನಿಲ್ದಾಣದಲ್ಲಿ ಇಳಿದ ಕನ್ನಡಿಗನಿಗೆ, ತಾನು ಪರಸ್ಥಳಕ್ಕೆ ಬಂದೆನೆಂಬ ಭಾವನೆ ಮೂಡುವುದಕ್ಕೆ ಮುನ್ನವೇ, ಸಾಲಾಗಿ ನಿಂತ ಸರಕಾರಿ ಬಸ್ಸುಗಳ ಮೈಮೇಲೆ ‘ಕದಂಬ’ ಎಂಬ ಹೆಸರು ಗೋಚರವಾಗಿ, ಬಂದದ್ದು ನೆಂಟರ ಮನೆಗೇನೋ ಎಂಬ ಸಂದೇಹ ಹುಟ್ಟುತ್ತದೆ. ಚಂದ್ರಪುರದಿಂದಲೂ ಗೋಪಕಪಟ್ಟಣದಿಂದಲೂ ಆಳಿದ ಗೋವೆಯ ಕದಂಬರ ಹೆಸರನ್ನು 1980ರಲ್ಲಿ ಸ್ಥಾಪಿತವಾದ ಸಾರಿಗೆ ನಿಗಮವು ಧರಿಸಿಕೊಂಡಿದೆ. ನಿಲ್ದಾಣದ ಸಮೀಪದ ಓರೆಂ ಹಳ್ಳವನ್ನು ದಾಟಿದರೆ ಫೊಂಟೈನ್ಯಾಸ್. ಆ ಹಳ್ಳವು ಹೋಗಿ ಕೂಡುವ ಮಾಂಡವಿಯೋ, ಖಾನಾಪುರದ ಭೀಮಗಡದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ ಬಂದವಳು. ಆ ನೀರಿನ ವ್ಯಾಜ್ಯವನ್ನು ಇಲ್ಲಿ ಎತ್ತದಿರುವುದೇ ಅತಿಥಿಧರ್ಮ.

ಅಲ್ತಿನ್ಯೊ ಗುಡ್ಡದ ಬುಡಕ್ಕೂ ಹಳ್ಳಕ್ಕೂ ನಡುವೆ ಇಕ್ಕಟ್ಟಾಗಿ ಕುಳಿತಿರುವ ಈ ಕೇರಿಗೆ ಗುಡ್ಡದಡಿಯ ಚಿಲುಮೆಯೊಂದರಿಂದ ಹೆಸರು ಬಂದಿತು. ಮೊಜಾಂಬಿಕ್‌ನಿಂದ ಧನಿಕನಾಗಿ ಮರಳಿದ ಸಿಕ್ವೇರಾ ಎಂಬಾತನ ತೆಂಗಿನ ತೋಟವಾಗಿದ್ದ ಈ ಭೂಮಿಯಲ್ಲಿ ಕ್ರಮೇಣ ಮನೆಗಳೆದ್ದು, 1843ರಲ್ಲಿ ಪಣಜಿ ರಾಜಧಾನಿಯಾದ ಮೇಲೆ ವಸತಿ ಮತ್ತಷ್ಟು ದಟ್ಟವಾಯಿತು. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಓಣಿಗೆ ಚಾಚಿದ ಕಬ್ಬಿಣದ ಮೊಗಸಾಲೆ, ನೀಲಿ ಹಳದಿ ಕಾವಿಗಳ ಬಣ್ಣ: ಇವೆಲ್ಲ ಚಿತ್ರಪಟಗಳಿಂದ ಎಲ್ಲರಿಗೂ ಪರಿಚಿತ. ಸಂತ ಸೆಬಾಸ್ಟಿಯನ್ನನ ಪುಟ್ಟ ಇಗರ್ಜಿಯೊಳಗಿನ ಶಿಲುಬೆ ಮಾತ್ರ ನಿಧಾನವಾಗಿ ನೋಡತಕ್ಕದ್ದು. ಹಳೆಯ ಗೋವೆಯ ಧರ್ಮವಿಚಾರಣೆಯ ಅರಮನೆಯಲ್ಲಿದ್ದು, ಆ ಸಂಸ್ಥೆ 1812ರಲ್ಲಿ ರದ್ದಾದ ಬಳಿಕ ವಿಜಾಪುರದ ಆದಿಲಶಾಹನ ಹೆಸರು ಹೊತ್ತ ಪಣಜಿಯ ಅರಮನೆಯಲ್ಲಿ ಶತಮಾನಕ್ಕೂ ಮೀರಿ ತಂಗಿ, 1918ರಲ್ಲಿ ಇಲ್ಲಿಗೆ ಬಂದ ಈ ಕ್ರಿಸ್ತನ ಶಿರಸ್ಸು ಬಾಗಿಲ್ಲ, ಕಣ್ಣುಗಳು ಮುಚ್ಚಿಲ್ಲ. ಆರೋಪಿಗಳನ್ನು ಬೆದರಿಸಲೆಂದೇ ಹಾಗೆ ಕಡೆದರೆಂದು ಹೇಳುವವರುಂಟು. ನನಗಂತೂ ಅದು, ಬಿಡಾರದಿಂದ ಬಿಡಾರಕ್ಕೆ ಸಾಗುತ್ತ ನಿದ್ರೆಗೆಟ್ಟ ಯಾತ್ರಿಕನ ದೃಷ್ಟಿಯಂತೆ ತೋರಿತು.

ಮಳೆಗಾಲ ಮುಗಿದೊಡನೆ ಹತ್ತು ದಿನಗಳ ಮಟ್ಟಿಗೆ ನಾನಿಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಊರು ನಮ್ಮದಾಗುವುದಕ್ಕೆ ಅದರ ಇತಿಹಾಸಕ್ಕಿಂತ ಮುಂಜಾವಿನ ರೊಟ್ಟಿಯವನೇ ಹೆಚ್ಚು ಸಹಾಯಕನೆಂಬುದು ನನ್ನ ಅನುಭವ. ಆರು ಗಂಟೆಯ ಸುಮಾರಿಗೆ ಸೈಕಲ್ಲಿನ ರಬ್ಬರು ತುತ್ತೂರಿ ‘ಪೊಂ ಪೊಂ’ ಎನ್ನುತ್ತಲೇ ಪೊದೆರನ ಬರವು ತಿಳಿಯುತ್ತಿತ್ತು. ಹಿಂದಿನವರು ಹಿಟ್ಟು ಹುದುಗಿಸಲು ತೆಂಗಿನ ಸೇಂದಿಯನ್ನೇ ಬಳಸುತ್ತಿದ್ದರಂತೆ. ಈಗ ಆ ಪದ್ಧತಿ ವಿರಳ. ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಸರಿಸಿದಾಗ ಏಳುವ ಬಿಸಿ ಉಗಿ, ಪೊಯ್ ಎಂಬ ಆ ಟೊಳ್ಳು ರೊಟ್ಟಿಯ ಮೇಲಿಂದ ಬೆರಳಿಗಂಟುವ ಗೋಧಿಯ ತೌಡು, ಇವಿಷ್ಟೇ ನನ್ನ ಪ್ರಾತಃಕಾಲದ ವಿಧಿಗಳು. ಮೊದಲೆರಡು ದಿನ ಆತ “ಕಿತ್ಲೆ?” ಎಂದು ಕೇಳಿದ, ನಾಲ್ಕನೆಯ ದಿನ ಕೇಳದೆಯೇ ಎರಡು ಪೊಯ್‌ಗಳನ್ನು ಎತ್ತಿಟ್ಟ. ನಾಲ್ಕು ದಿನಗಳಲ್ಲಿ ನನ್ನ ಹಸಿವಿನ ಪ್ರಮಾಣವನ್ನು ತಿಳಿದ ಊರು ನನಗೆ ಬೇರೊಂದಿಲ್ಲ. ಆಮೇಲೆ ದಾರಿ ಕೇಳಿದ ಪ್ರವಾಸಿಗರಿಗೆ ನಾನೇ, ಲವಲೇಶವೂ ಸಂಕೋಚವಿಲ್ಲದೆ, ಮಳಾದ ಮಾರುತಿ ಗುಡಿಯ ದಾರಿ ತೋರಿಸತೊಡಗಿದೆ.

ಒಂಬತ್ತನೆಯ ದಿನ ಎದುರು ಮನೆಗೆ ನೀಲಿ ಬಳಿಯುತ್ತಿದ್ದವನು, ನಾನು ಫೋನಿನಲ್ಲಿ ಮನೆಯವರೊಡನೆ ಆಡಿದ ಮಾತು ಕೇಳಿ ಏಣಿಯ ಮೇಲಿಂದಲೇ ತಿರುಗಿದ.

“ಸಾಹೇಬ್ರ, ಯಾವ ಊರ್ರಿ ನಿಮ್ದು?”

“ಸದ್ಯಕ್ಕೆ ಇದೇ ಊರು” ಎಂದೆ, ತುಸು ಜಂಬದಿಂದ. “ನೀವು ಬಂದು ಎಷ್ಟು ದಿನವಾಯಿತು?”

“ಹದಿನೆಂಟು ವರ್ಸ ಆತ್ರಿ. ಈ ಓಣ್ಯಾಗ ನಾ ಬಣ್ಣಾ ಹಚ್ಚದ ಮನಿ ಭಾಳ ಇಲ್ರಿ.”

“ಹಾಗಾದರೆ ನೀವೂ ಇಲ್ಲಿಯವರೇ ಆದಿರಿ.”

“ಎಲ್ಲೀದ್ರಿ! ನಮ್ಮೂರು ಬಾದಾಮಿ ಕಡೆ. ಮನಿ ಅಲ್ಲೇ ಐತ್ರಿ. ಇಲ್ಲಿ ಬರೇ ಕೆಲಸ.”

ಏನು ಹೇಳಬೇಕೆಂದು ತೋಚದೆ ನಾನು ಗೋಡೆಗೆ ಒರಗಲು ಕೈ ಚಾಚಿದೆ.

“ಕೈ ಹಚ್ಚಬ್ಯಾಡ್ರಿ, ಸಾಹೇಬ್ರ,” ಎಂದು ಆತ ಮೇಲಿಂದ ಕೂಗಿದ. “ಬಣ್ಣಾ ಇನ್ನಾ ಹಸೀ ಐತಿ.”