ಕವನದ ಗ್ರೂಪಿಗೆ ಸೇರಿದವರು ಯಾಕೆ ಬಿಟ್ಟು ಹೋಗ್ತಾರೆ?

ಯಲಹಂಕ: ಅಂಗಡಿ ಶಟರ್ ಎತ್ತುವ ಮುಂಚೆ ನಾಲ್ಕು ಸಾಲು ಬರೆದು ವಾಟ್ಸಾಪ್ ಕವನ ಗ್ರೂಪಿಗೆ ಹಾಕುವವರು ಯಲಹಂಕ, ಹೆಬ್ಬಾಳದ ಕಡೆಯೂ ಇದ್ದಾರೆ. ಆದರೆ ಇಂಥ ಗ್ರೂಪುಗಳಲ್ಲಿ ಸೇರಿದಷ್ಟೇ ಬೇಗ ಬಿಟ್ಟು ಹೋಗುವವರೂ ಇರ್ತಾರೆ.

ಮುಖ್ಯ ಕಾರಣ ಜಗಳ ಅಲ್ಲ, ಯಾರೂ ಓದದೇ ಇರೋದು. ಒಂದು ಗ್ರೂಪಿನಲ್ಲಿ 1,024 ಜನರಿಗೆ ಜಾಗವಿದೆ. ಬರೆದು ಹಾಕುವವರು ಬಹಳ, ಇನ್ನೊಬ್ಬರದನ್ನು ಓದಿ ಹೇಳುವವರು ಕಮ್ಮಿ. ಹೊಸಬರ ಕವನಕ್ಕೆ ಎರಡು ‘ಸೂಪರ್’ ಬರುವಷ್ಟರಲ್ಲಿ ಶುಭೋದಯದ ಫೋಟೋಗಳ ಕೆಳಗೆ ಅದು ಕಾಣೆಯಾಗುತ್ತೆ. ಅಂಗಡಿಗೆ ಬಂದ ಗಿರಾಕಿಯನ್ನು ಯಾರೂ ಮಾತಾಡಿಸದಿದ್ದರೆ ಆಗುವುದೇ ಇಲ್ಲೂ ಆಗುತ್ತೆ. 2022ರಿಂದ, ಗ್ರೂಪ್ ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತೆ. ಹಾಗಾಗಿ ಯಾಕೆ ಹೋದ್ರಿ ಅಂತ ಕೇಳುವವರೂ ಇರಲ್ಲ.

ತಪ್ಪು ತೋರಿಸಿದ್ದಕ್ಕೆ ಬೇಜಾರಾಗಿ ಹೋಗುವವರು ಕೆಲವರು. ಕೆಲಸ, ಊರು ಬದಲಾಗಿ ಹೋಗುವವರು ಇನ್ನು ಕೆಲವರು. ಇದು ಹಿಂದೆಯೂ ಇತ್ತು. ಧಾರವಾಡದಲ್ಲಿ 1920ರ ದಶಕದಲ್ಲಿ ದ.ರಾ. ಬೇಂದ್ರೆ ಕಟ್ಟಿದ ‘ಗೆಳೆಯರ ಗುಂಪು’ ಕೂಡ ಹಾಗೇ ಚದುರಿತು. ‘ನರಬಲಿ’ ಕವನಕ್ಕಾಗಿ ಬೇಂದ್ರೆಯವರೇ 1932ರಲ್ಲಿ ಜೈಲಿಗೆ ಹೋದರು. ವಿ.ಕೃ. ಗೋಕಾಕ್ ಓದಲು ಆಕ್ಸ್‌ಫರ್ಡ್‌ಗೆ ಹೋದರು. ಗುಂಪಿನಿಂದ ದೂರವಾದರೂ ಗೋಕಾಕರು ಬೇಂದ್ರೆಯವರನ್ನು ಗುರು ಅಂತಲೇ ಕಂಡರು. ಮುಂದೆ ಇಬ್ಬರಿಗೂ ಜ್ಞಾನಪೀಠ ಬಂತು.

ಹೋಗುವವರನ್ನು ಹಿಡಿದಿಡೋಕೆ ಆಗಲ್ಲ. ಆದರೆ ಹೊಸಬರ ಮೊದಲ ಕವನವನ್ನು ಇಬ್ಬರು ಪೂರ್ತಿ ಓದಿ, ಯಾವ ಸಾಲು ಚೆನ್ನಾಗಿದೆ, ಯಾವುದು ಕೂತಿಲ್ಲ ಅಂತ ಹೇಳಬಹುದು. ಶುಭಾಶಯಗಳಿಗೆ ಬೇರೆ ಗ್ರೂಪ್ ಮಾಡಬಹುದು. ಅಡ್ಮಿನ್ ಇಷ್ಟು ಮಾಡಿದರೆ, ಬಂದವರಲ್ಲಿ ಕೆಲವರಾದರೂ ಎರಡನೇ ಕವನ ಬರೆಯುತ್ತಾರೆ.