ಸೂಳೆಕೆರೆಗೂ ಮುಂಚಿನ ನೀರು

ಸೆಕೆಂಡಿಗೆ ಒಂದು ವರ್ಷದಂತೆ ಹಿಂದಕ್ಕೆ ಎಣಿಸುತ್ತ ಹೋಗಿ. ಬಸವಾಪಟ್ಟಣದ ಪಾಳೆಯಗಾರರ ಕೋಟೆ ಏಳೆಂಟು ನಿಮಿಷದಲ್ಲೇ ಸಿಕ್ಕಿಬಿಡುತ್ತದೆ. ಸೂಳೆಕೆರೆಯ ಏರಿ ಕಟ್ಟಿದ ಕಾಲಕ್ಕೆ ಕಾಲು ಗಂಟೆ. ಡೈನೋಸಾರುಗಳು ಅಳಿದ ಕಾಲ ಮುಟ್ಟಲು ಹಗಲೂ ರಾತ್ರಿ ಎರಡು ವರ್ಷ ಎಣಿಸಬೇಕು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯ ಕಲ್ಲು ಹುಟ್ಟಿದ ಗಳಿಗೆಗೆ? ಸುಮಾರು ಎಂಬತ್ತು ವರ್ಷ! ಒಂದು ಇಡೀ ಆಯುಷ್ಯ ಎಣಿಕೆಗೇ ಮುಗಿಯಿತು.

ಮರಡಿಹಳ್ಳಿಯ ಆ ಕಲ್ಲು ಕಂಡಾಗ ಚನ್ನಗಿರಿಯ ಮಂಡಿಯಲ್ಲಿ ಒಟ್ಟಿದ ಅಡಕೆ ಚೀಲಗಳು ನೆನಪಾಗುತ್ತವೆ. ಒಂದರ ಮೇಲೊಂದು ಉಬ್ಬಿ, ಸಂದಿಗೆ ತಕ್ಕಂತೆ ಬಾಗಿ ಕೂತಿವೆ. 1,100 ಡಿಗ್ರಿಗೂ ಮೀರಿ ಕಾದ ಲಾವಾ ತಣ್ಣೀರಿಗೆ ನುಗ್ಗಿದರೆ ಮಾತ್ರ ಹೀಗಾಗುತ್ತದೆ: ಹೊರಸಿಪ್ಪೆ ಥಟ್ಟನೆ ಗಟ್ಟಿಯಾಗುತ್ತದೆ, ಒಳಗಿನದು ದಿಂಬಿನಂತೆ ಉಬ್ಬುತ್ತದೆ. ಅಂದರೆ, ಮಳೆಗಾಗಿ ಮುಗಿಲು ನೋಡುವ ಈ ಸೀಮೆ ಒಂದು ಕಾಲಕ್ಕೆ ಸಮುದ್ರದ ತಳ. ಆ ಕಡಲಡಿಯ ಬೆಂಕಿ ಬಿಟ್ಟುಹೋದ ಶಿಲೆಗಳ ಪಟ್ಟಿ ಗದಗದಿಂದ ಶ್ರೀರಂಗಪಟ್ಟಣದವರೆಗೆ 400 ಕಿಲೋಮೀಟರಿಗೂ ಉದ್ದ. ಅದರ ಪಶ್ಚಿಮಕ್ಕೆ ಶಿವಮೊಗ್ಗದ ಪಟ್ಟಿ ಬೇರೆ.

ಅಂಥ ತಳದಲ್ಲಿ ಏನು ನಡೆಯುತ್ತದೆಂದು ಮನುಷ್ಯ ಕಣ್ಣಾರೆ ಕಂಡದ್ದು ಇತ್ತೀಚೆಗೆ, 1979ರಲ್ಲಿ. ಪೆಸಿಫಿಕ್ಕಿನಲ್ಲಿ ಎರಡೂವರೆ ಕಿಲೋಮೀಟರ್ ಆಳಕ್ಕೆ ಇಳಿದವರಿಗೆ ಕಲ್ಲಿನ ಚಿಮಣಿಗಳಿಂದ ಕಪ್ಪು ನೀರು ಹೊಗೆಯಂತೆ ಉಕ್ಕುವುದು ಕಾಣಿಸಿತು. ಬಿಸಿ ಸುಮಾರು 350 ಡಿಗ್ರಿ, ಆದರೂ ಕುದಿಯದು. ಮೇಲಿನ ನೀರಿನ ಭಾರ ನಮ್ಮ ಗಾಳಿಯ ಒತ್ತಡದ 250 ಪಟ್ಟು. ಆ ನೀರು ಬಂಡೆಯೊಳಗಿನ ತಾಮ್ರ, ಸತುವನ್ನು ಕರಗಿಸಿ ತಂದು, ತಣ್ಣೀರು ತಾಕಿದ್ದೇ ಸುರಿದುಬಿಡುತ್ತದೆ. ಚಿತ್ರದುರ್ಗದ ಇಂಗಳದಾಳದ ತಾಮ್ರವನ್ನು ಭೂವಿಜ್ಞಾನಿಗಳು ಇಂಥದೇ ಬುಗ್ಗೆಗಳ ಗಸಿ ಎನ್ನುತ್ತಾರೆ.

ಚಿನ್ನದ ದಾರಿ ಬೇರೆ. ಪಟ್ಟಿಗಳು ನೆಲದೊಳಗೆ ಮಡಚಿ ಹಿಂಡಿಹೋದಾಗ ಬಿಸಿನೀರು ಬಿರುಕುಗಳಲ್ಲಿ ಹರಿದು ಬೆಣಚುಕಲ್ಲಿನ ಜೊತೆ ಚಿನ್ನ ಬಿಟ್ಟಿತು. ಸಾಮಾನ್ಯ ಬಂಡೆಯ ಒಂದು ಟನ್ನಿನಲ್ಲಿ ಚಿನ್ನ ಹೆಚ್ಚೆಂದರೆ ನಾಲ್ಕು ಮಿಲಿಗ್ರಾಂ. ಹತ್ತು ಗ್ರಾಮಿನ ಸರಕ್ಕೆ 2,500 ಟನ್, ಹತ್ತು ಟನ್ನಿನ ಲಾರಿಯಲ್ಲಿ 250 ಲೋಡು ಕಲ್ಲು ಬೇಕು. ಟನ್ನಿಗೆ ನಾಲ್ಕು ಗ್ರಾಮಿರುವ ಅದಿರಾದರೆ ಎರಡೂವರೆ ಟನ್ ಸಾಕು. ಈ ಸಾವಿರ ಪಟ್ಟಿನ ಸೋಸುವಿಕೆಯನ್ನು ನೀರೇ ಮಾಡಿತು, ಕತ್ತಲಲ್ಲಿ.

ನ್ಯಾಮತಿ ಕಡೆಯ ಪಲವನಹಳ್ಳಿ, ಕುದುರೆಕೊಂಡಗಳಲ್ಲಿ ಆ ಬೆಣಚುಕಲ್ಲನ್ನು ಹಿಂದಿನವರು ಹುಡುಕಿ ಅಗೆದಿದ್ದಾರೆ. ಕೈಯಲ್ಲಿ ನಕ್ಷೆಯಿರಲಿಲ್ಲ, ಯಂತ್ರವಿರಲಿಲ್ಲ. ಬೆಣಚಿನ ಬೆನ್ನು ಹಿಡಿದೇ ಅಗೆದರು.